ದೊರೆಸಾನಿ ಮೊಳೆ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಚೂರು ಹಿಡಿದು ರುದ್ರಾಣಿ ಅಪ್ಪನ ಎಡಗೈ ಹೆಬ್ಬೆರಳನ್ನು ಉಜ್ಜುತ್ತಲೇ ಇದ್ದಳು. ಕಪ್ಪು ಹೋಗಲೊಲ್ಲದು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ, ಚರ್ಮದ ಒಳಕ್ಕೇ ಇಳಿದು ಕೂತ ಕಪ್ಪು ಅದು. ಜೀವವಿಡೀ ಅಚ್ಚಿನ ಮೊಳೆ ಜೋಡಿಸಿದವನ ಹೆಬ್ಬೆರಳು. ಜೋಡಿಸಿದ ಸಾಲು ಬೀಳದಂತೆ ಒತ್ತಿ ಒತ್ತಿ ಅದರ ತುದಿ ಒಂದು ಕಡೆಗೆ ಚಪ್ಪಟೆಯಾಗಿತ್ತು.

"ಸಾಕು ಬಿಡೇ" ಎಂದಳು ತ್ರಿಪುರಸುಂದರಿ, ಸತ್ತವನ ಅಕ್ಕ. "ಸ್ನಾನ ಆಯ್ತು, ವಿಭೂತಿ ಹಚ್ಚಾಯ್ತು. ಈಗ ಸೀಮೆಎಣ್ಣೆ ವಾಸ್ನೇಲಿ ಕಳಿಸ್ತೀಯಾ ನನ್ ತಮ್ಮನ್ನ ಶಿವನ ಹತ್ರಕ್ಕೆ?"

"ಹಬ್ಬದ ದಿನಾನೂ ಇದೇ ವಾಸ್ನೇಲೇ ಊಟಕ್ಕೆ ಕೂತ್ಕೊಳ್ತಿದ್ರಲ್ಲತ್ತೆ. ಶಿವನಿಗೂ ಗುರುತು ಸಿಗ್ಲಿ."

ಪಂಚಾಕ್ಷರಯ್ಯನನ್ನು ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದರು. ತಲೆ ವಾಲದ ಹಾಗೆ ಹಣೆಗೊಂದು ಬಿಳಿ ಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಕಣ್ಣು ಅರೆ ಮುಚ್ಚಿತ್ತು. ಸಣ್ಣ ಅಕ್ಷರ ಓದುವಾಗ ಕಿರಿದಾಗುತ್ತಿದ್ದ ಹಾಗೆಯೇ. ಚಾಮರಾಜಪೇಟೆಯ ಆ ವಠಾರದ ಮನೆಯಲ್ಲಿ ಇನ್ನು ನಾಲ್ಕು ಜನ ಬಂದರೆ ನಿಲ್ಲಲು ಜಾಗವಿರಲಿಲ್ಲ. ಬಂದವರು ನಮಸ್ಕಾರ ಮಾಡಿ ಹೊರಗೆ ನಲ್ಲಿಯ ಕಟ್ಟೆಯ ಬಳಿ ನಿಲ್ಲುತ್ತಿದ್ದರು.

ಪ್ರೆಸ್ಸಿನ ಮರಿಯಣ್ಣ ಒಳಗೆ ಬಂದ. ಟ್ರೆಡಲ್ ಮೆಷಿನ್ ತುಳಿಯುವವನು, ದಪ್ಪ ಕಾಲಿನ, ದೊಡ್ಡ ಬಾಯಿಯ ಮನುಷ್ಯ. ಕಿವಿಯ ಮೇಲೆ ಪೆನ್ಸಿಲ್ ಇತ್ತು.

"ರುದ್ರಮ್ಮ, ಈ ಹೊತ್ನಲ್ಲಿ ಕೇಳ್ಬಾರ್ದು. ಆದ್ರೆ ಶಿವಗಣಾರಾಧನೆ ಕಾಗದ ಇವತ್ತೇ ಹೊಡುದ್ರೆ ನಾಳೆ ಹಂಚ್ಬೋದು. ಹೆಸರು, ದಿನ, ವಾರ ಹೇಳ್ಬಿಡು."

ರುದ್ರಾಣಿ ಬಟ್ಟೆಚೂರನ್ನು ಮಡಿಸಿ ಕೆಳಗಿಟ್ಟಳು. "ಸೋಮವಾರ. ಮಿಕ್ಕಿದ್ದು ನಿಂಗೇ ಗೊತ್ತಲ್ಲ. ಒಂದು ಮಾತು. ಅಪ್ಪನ ಹೆಸರು ದೊರೆಸಾನಿ ಮೊಳೇಲಿ ಬರ್ಬೇಕು."

ಮರಿಯಣ್ಣ ಪೆನ್ಸಿಲನ್ನು ಕಿವಿಯಿಂದ ತೆಗೆದ, ಮತ್ತೆ ಕಿವಿಗೇ ಇಟ್ಟ.

"ಅದು ಮದುವೆ ಮೊಳೆ ಕಣಮ್ಮ" ಎಂದ, ಮೆಲ್ಲಗೆ.

* * *

ದೊರೆಸಾನಿ ಅಂತ ಹೆಸರಿಟ್ಟವನು ಈ ಮರಿಯಣ್ಣನೇ. ಯುದ್ಧ ಶುರುವಾದ ಮಾರನೇ ವರ್ಷ ಮದರಾಸಿನಿಂದ ಮರದ ಪೆಟ್ಟಿಗೆಯಲ್ಲಿ, ಹುಲ್ಲಿನ ನಡುವೆ ಆ ಮೊಳೆ ಬಂದಿಳಿದ ದಿನ ರುದ್ರಾಣಿ ಲಂಗ ಹಾಕುವ ಹುಡುಗಿ. ತಾಯಿಯಿಲ್ಲದ ಮನೆ. ಅತ್ತೆ ಕಟ್ಟಿಕೊಟ್ಟ ಬುತ್ತಿಯನ್ನು ಸ್ಕೂಲು ಬಿಟ್ಟ ಮೇಲೆ ಅಪ್ಪನಿಗೆ ಒಯ್ಯುತ್ತಿದ್ದಳು. ಅವತ್ತು ಪ್ರೆಸ್ಸಿನಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಎಲ್ಲರೂ ಪೆಟ್ಟಿಗೆಯ ಸುತ್ತ.

ಇಂಗ್ಲಿಷಿನಲ್ಲಿ ಬೋಡೋನಿ ಅಂತ ಒಂದು ಮೊಳೆ ಇದೆ. ದಂಡು ಪ್ರದೇಶದ ಸಾಹೇಬರ ವಿಸಿಟಿಂಗ್ ಕಾರ್ಡಿಗೆ ಬಳಸುವುದು. ಅದರ ಅಂದ ನೋಡಿ ಮನಸೋತ ಯಾರೋ ಎರಕದವನು ಅದೇ ಮೈಕಟ್ಟಿನಲ್ಲಿ ಕನ್ನಡಕ್ಕೆ ಕೊರೆದದ್ದು ಇದು ಅಂತ ಪ್ರೆಸ್ಸಿನಲ್ಲಿ ಮಾತು. ಪಂಚಾಕ್ಷರಯ್ಯ ಒಂದು 'ರ' ತೆಗೆದು ಮಗಳ ಅಂಗೈ ಮೇಲಿಟ್ಟ.

"ಈ ಹೊಟ್ಟೆ ನೋಡು, ತೊಲೆ ಇದ್ದ ಹಾಗಿದೆ. ಈ ತಲೆಕಟ್ಟು ನೋಡು, ನಿನ್ ತಲೆಕೂದ್ಲು. ದಪ್ಪ ಅಂದ್ರೆ ದಪ್ಪ, ಸಣ್ಣ ಅಂದ್ರೆ ಸಣ್ಣ. ನಡುವೆ ಮಾತೇ ಇಲ್ಲ."

"ಇವ್ಳೇನ್ ಪಂಚಾಕ್ಷರಣ್ಣ, ಸೊಂಟ ಇಷ್ಟೇ ಇಷ್ಟು, ಬಿಂಕ ಇಷ್ಟು" ಎಂದ ಮರಿಯಣ್ಣ ಕೈ ಅಗಲಿಸಿ. "ದೊರೆಸಾನಿ ಬಂದ್ಲು ದೊರೆಸಾನಿ! ನನ್ ಮೆಷಿನ್ ಮೇಲೆ ಕೂರ್ತಾಳೋ, ಕುರ್ಚಿ ಹಾಕ್ಬೇಕೋ?"

ಕುರ್ಚಿಯನ್ನೇ ಹಾಕಿದರು ಅನ್ನಬೇಕು. ಆ ಮೊಳೆಗೆ ಗೂಡುಗೂಡಾದ ಬೇರೆ ಕೇಸು, ಬೇರೆ ಬೀಗ. ಮಾಮೂಲು ಮೊಳೆಯ ಹಾಗೆ ಮೆಷಿನ್ನಿಗೆ ಹಾಕಿ ಒತ್ತಿದರೆ ಕೂದಲೆಳೆ ಮುರಿಯುತ್ತಿತ್ತು. ಮಸಿ ಒಂದಿಷ್ಟು ಜಾಸ್ತಿಯಾದರೆ ಹೊಟ್ಟೆ ತುಂಬಿಕೊಳ್ಳುತ್ತಿತ್ತು. ಹೊಟ್ಟೆನೋವಿನ ಔಷಧಿ ಜಾಹೀರಾತಿಗೆ, ಕೋರ್ಟು ನೋಟೀಸಿಗೆ, ಹರಾಜಿನ ಕರಪತ್ರಕ್ಕೆ ಅದು ಬಾರದು. ಒರಟು ಕಾಗದದ ಮೇಲೆ ಅದು ಸತ್ತೇ ಹೋಗುತ್ತಿತ್ತು. ನುಣುಪಾದ ದಪ್ಪ ಕಾಗದ, ಸುತ್ತ ಬೇಕಾದಷ್ಟು ಖಾಲಿ ಜಾಗ, ನಡುವೆ ಎರಡು ಹೆಸರು: ಅದಕ್ಕೇ ಹುಟ್ಟಿದ ಮೊಳೆ. ಹಾಗಾಗಿ ಮದುವೆ, ಗೃಹಪ್ರವೇಶ, ಬಿಟ್ಟರೆ ಶ್ರೀಮಂತರ ಮನೆ ಸಂಗೀತ ಕಚೇರಿ. ಸಾವಿನ ಕಾಗದಕ್ಕೆ ಮುಟ್ಟಬಾರದು ಅನ್ನುವುದು ಯಾರೂ ಬರೆಯದೇ ಹೋದ ಕಾನೂನು. ಒಮ್ಮೆ ಮುಟ್ಟಿಸಿದರೆ ಆ ಮೊಳೆ ಮತ್ತೆ ಶುಭಕ್ಕೆ ಬಾರದು, ಕರಗಿಸಬೇಕು.

ಅವತ್ತು ಮಳೆ ನಿಂತಿತ್ತಷ್ಟೆ. ಪ್ರೆಸ್ಸಿನ ಬಾಗಿಲ ಮುಂದೆ ಕೆಮ್ಮಣ್ಣು ಬೆಣ್ಣೆಯ ಹಾಗೆ ನೆನೆದಿತ್ತು. ಅಂಗೈಯಲ್ಲಿದ್ದ 'ರ' ತಿರುಗುಮುರುಗಾಗಿದೆ ಅಂತ ರುದ್ರಾಣಿ ಮುಖ ಸಿಂಡರಿಸಿದಾಗ ಅಪ್ಪ ಅವಳನ್ನು ಹೊರಗೆ ಕರೆದೊಯ್ದು, ಕುಕ್ಕರಗಾಲಲ್ಲಿ ಕೂತು, ಆ ಮೊಳೆಯನ್ನು ಮಣ್ಣಿಗೆ ಮುಟ್ಟಿಸಿ ಎತ್ತಿದ. ಕೆಂಪು ನೆಲದಲ್ಲಿ 'ರ' ನೆಟ್ಟಗೆ ಕೂತಿತ್ತು, ತಲೆಕೂದಲಿನ ಸಮೇತ.

"ಇವಳಿಗೆ ಭಾರ ಹಾಕ್ಬಾರ್ದು ಮಗು. ಮುಟ್ಬೇಕು, ಬಿಡ್ಬೇಕು."

ಆಮೇಲೆ ಮೊಳೆಯನ್ನು ಪಂಚೆಯ ತುದಿಯಲ್ಲಿ ಒರೆಸುತ್ತ, ಮಗಳ ಮುಖ ನೋಡದೆ ಹೇಳಿದ: "ನಿನ್ ಮದುವೆ ಕಾಗದ ಇದ್ರಲ್ಲೇ. ನಿನ್ ಹೆಸ್ರು, ಅದ್ರ ಕೆಳಗೆ ನನ್ ಹೆಸ್ರು."

* * *

ಪ್ರೆಸ್ಸಿನ ಯಜಮಾನ ಮಲ್ಲಿಕಾರ್ಜುನಯ್ಯ ಬಂದಾಗ ಜನ ಸರಿದು ದಾರಿ ಬಿಟ್ಟರು. ಬಿಳಿ ಕೋಟು, ಜರಿಯಂಚಿನ ಪೇಟ, ಕೈಯಲ್ಲಿ ಮಾರ್ಕೆಟ್ಟಿನಿಂದ ತಂದ ಭಾರಿ ಸುಗಂಧರಾಜದ ಹಾರ. ಹಾರ ಹಾಕಿ ಕಣ್ಣೊರೆಸಿಕೊಂಡ. ಅಳು ಸುಳ್ಳಲ್ಲ, ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಒಂದೇ ಸೂರಿನಡಿ ಇದ್ದವರು.

"ನೋಡಮ್ಮ ರುದ್ರಾಣಿ, ಏನ್ ಬೇಕಾದ್ರೂ ಕೇಳು. ಕಾಗದ ನಂದು, ಅಚ್ಚು ನಂದು. ಒಳ್ಳೇ ದಪ್ಪ ಕಾಗ್ದದ್ ಮೇಲೇ ಹಾಕಿಸ್ತೀನಿ."

"ಕಾಗದ ಯಾವ್ದಾದ್ರೂ ಇರ್ಲಿ ಯಜಮಾನ್ರೇ. ಅಪ್ಪನ ಹೆಸ್ರು ಮಾತ್ರ ದೊರೆಸಾನೀಲಿ ಹಾಕ್ಸಿ. ಒಂದೇ ಸಾಲು."

ಮಲ್ಲಿಕಾರ್ಜುನಯ್ಯ ಮರಿಯಣ್ಣನ ಕಡೆ ನೋಡಿದ. ಮರಿಯಣ್ಣ ಸೂರು ನೋಡಿದ.

"ಅದೊಂದು ಬಿಟ್ಟು ಕೇಳು."

"ಯಾಕೆ?"

"ಶುಭಕ್ಕಿಟ್ಟ ಮೊಳೆ ಅದು. ನಿಂಗೆ ನಾನು ಹೇಳ್ಕೊಡ್ಬೇಕಾ?"

ಮೂಲೆಯಲ್ಲಿ ಮಣೆಯ ಮೇಲೆ ಕೂತು ಬಿಲ್ವಪತ್ರೆ ಬಿಡಿಸುತ್ತಿದ್ದ ಜಂಗಮ ಗಂಗಾಧರಯ್ಯನ ಕಡೆ ರುದ್ರಾಣಿ ತಿರುಗಿದಳು. "ಅಯ್ನೋರೇ, ನಮ್ಮಲ್ಲಿ ಸಾವಿಗೆ ಸೂತಕ ಉಂಟಾ?"

"ಎಲ್ಲಿಯ ಸೂತಕ ತಾಯಿ?" ಎಂದರು ಅಯ್ಯನವರು, ಕೈ ನಿಲ್ಲಿಸದೆ. "ಲಿಂಗ ಕಟ್ಟಿದ ಮೈಗೆ ಹುಟ್ಟಿನ ಸೂತಕಾನೂ ಇಲ್ಲ, ಸಾವಿನ ಸೂತಕಾನೂ ಇಲ್ಲ. ನಿಮ್ಮಪ್ಪ ಸತ್ತಿಲ್ಲ, ಲಿಂಗೈಕ್ಯ."

"ಮೈಗಿಲ್ಲ, ಮನೆಗಿಲ್ಲ. ಸೀಸಕ್ಕೆ ಮಾತ್ರ ಸೂತಕಾನಾ ಯಜಮಾನ್ರೇ?"

ಬಾಗಿಲ ಬಳಿ ಯಾರೋ ನಕ್ಕು, ನಗುವನ್ನು ಕೆಮ್ಮಿಗೆ ತಿರುಗಿಸಿದರು. ಅಯ್ಯನವರು ಬಿಲ್ವದ ಮೇಲೆ ಇನ್ನೂ ಬಗ್ಗಿದರು. "ವ್ಯಾಪಾರದ ವಿಷಯ ನಂಗೆ ತಿಳೀದಪ್ಪ" ಎಂದರು, ಯಾರೂ ಕೇಳದಿದ್ದರೂ.

ಮಲ್ಲಿಕಾರ್ಜುನಯ್ಯನ ಮುಖ ಕೆಂಪಾಯಿತು. "ನಂಗಿಲ್ಲಮ್ಮ ಸೂತಕ. ನನ್ ಗಿರಾಕಿಗಳಿಗಿದೆ. ಬಸವನಗುಡಿಯಿಂದ ಬರ್ತಾರೆ, ಮಲ್ಲೇಶ್ವರದಿಂದ ಬರ್ತಾರೆ. ಈ ಮೊಳೇಲಿ ಸಾವಿನ ಕಾಗದ ಮಾಡಿಲ್ಲ ತಾನೇ ಅಂತ ಬಾಯ್ಬಿಟ್ಟು ಕೇಳ್ತಾರೆ. ಆಣೆ ಇಟ್ಟು ಇಲ್ಲ ಅಂತಿದ್ದೋನು ಯಾರು ಗೊತ್ತಾ? ನಾನಲ್ಲ. ಇಲ್ಲಿ ಕೂತಿದ್ದಾನಲ್ಲ, ಇವ್ನು."

ಅದು ನಿಜ. ರುದ್ರಾಣಿಗೂ ಗೊತ್ತು. ಎನ್.ಆರ್. ಕಾಲೋನಿಯ ಮೇಷ್ಟರೊಬ್ಬರು ತೀರಿಕೊಂಡ ಹೆಂಡತಿಯ ಹೆಸರು ಆ ಅಕ್ಷರದಲ್ಲಿ ಬರಲಿ ಅಂತ ಕೈ ಮುಗಿದು ಕೇಳಿದ್ದಕ್ಕೆ ಅಪ್ಪ ಆಗಲ್ಲ ಸ್ವಾಮಿ ಅಂತ ವಾಪಸ್ ಕಳಿಸಿದ್ದ. ಆ ರಾತ್ರಿ ಅಪ್ಪ ಉಂಡಿರಲಿಲ್ಲ. ಮಗಳ ಹೆಸರು ಬರಬೇಕಾದ ಮೊಳೆ, ಅದನ್ನು ಮೈಲಿಗೆಯಿಲ್ಲದೆ ಕಾಯಬೇಕು: ಅಷ್ಟೇ ಅವನ ಲೆಕ್ಕ. ಮೊಳೆಯನ್ನು ಕಾದ. ಮಗಳಿಗಾಗಿ ಕಾದ. ಕಾಯುತ್ತಲೇ ಕೂತ ಹಾಗೆ ಈಗಲೂ ಕೂತಿದ್ದಾನೆ.

"ಹಾಗಾದ್ರೆ ಅಕ್ಕಿಪೇಟೆಯೋರ ಕಾಗದ ಅಪ್ಪನ ಕೈಲೇ ಮಾಡಿಸಿದ್ರಲ್ಲ, ಅವತ್ತು?" ಎಂದಳು ರುದ್ರಾಣಿ. "ಅವತ್ತು ಆ ಮೊಳೆಗೆ ಏನೂ ಆಗ್ಲಿಲ್ವಾ?"

ಹೊರಗೆ ನಲ್ಲಿಯ ನೀರು ಕೊಡಕ್ಕೆ ಬೀಳುವ ಸದ್ದು ಕೇಳಿಸಿತು.

* * *

ಅಕ್ಕಿಪೇಟೆಯ ಮಂಡಿ ಮನೆಯವರು ಹುಡುಗಿ ನೋಡಿ ಹೋಗಿ ಒಪ್ಪಿಗೆ ಅಂತ ಹೇಳಿ ಕಳಿಸಿದ್ದರು. ಹುಡುಗ ಹೋಗುವಾಗ ಹೊಸಿಲಲ್ಲಿ ತಿರುಗಿ ನೋಡಿದ್ದ. ರುದ್ರಾಣಿಗೆ ಅಷ್ಟು ಸಾಕಾಗಿತ್ತು. ಆ ಒಂದು ನೋಟವನ್ನು ಅವಳು ಎಷ್ಟು ದಿನ ಬಳಸಿದಳೋ.

ಪ್ರೆಸ್ಸಿನವರದ್ದೊಂದು ಪದ್ಧತಿ: ವೀಳ್ಯಶಾಸ್ತ್ರ ಆಗುವವರೆಗೆ ಮದುವೆ ಕಾಗದಕ್ಕೆ ಒಂದು ಮೊಳೆಯನ್ನೂ ಎತ್ತಬಾರದು. ಪಂಚಾಕ್ಷರಯ್ಯ ಊರಿನವರಿಗೆಲ್ಲ ಹೇಳುತ್ತಿದ್ದ ಮಾತು ಅದು. ಅವನ ಕೈಯೇ ಕೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ದೊರೆಸಾನಿ ಕೇಸಿನ ಬೀಗ ತೆಗೆದು ಜೋಡಿಸಿಯೇಬಿಟ್ಟ. ಬುತ್ತಿ ತಂದ ಮಗಳನ್ನು ಕಣ್ಣಲ್ಲೇ ಕರೆದು ತೋರಿಸಿದ. ಸೀಸದಲ್ಲಿ, ತಿರುಗುಮುರುಗಾಗಿ: ಚಿ||ಸೌ|| ರುದ್ರಾಣಿ. ಅದರ ಕೆಳಗೆ, ಪಂಚಾಕ್ಷರಯ್ಯನವರ ಏಕಮಾತ್ರ ಪುತ್ರಿ. ತಿರುಗಿ ಓದಲು ಅವಳಿಗೆ ಅಷ್ಟರಲ್ಲಿ ಚೆನ್ನಾಗಿಯೇ ಬರುತ್ತಿತ್ತು. ನಾಚಿಕೊಂಡು ಬುತ್ತಿಯನ್ನು ಅಲ್ಲೇ ಇಟ್ಟು ಓಡಿಬಂದಿದ್ದಳು.

ವೀಳ್ಯಶಾಸ್ತ್ರಕ್ಕೆ ಮೊದಲೇ ಮಂಡಿಯವರಿಗೆ ಬೇರೆ ಮಂಡಿಯ ಹೆಣ್ಣು ಸಿಕ್ಕಿತು. ಸೀಸದ ಕೆಲಸದವನ ಮಗಳು, ಕೆಮ್ಮು ಇದ್ದರೂ ಇರಬಹುದು ಅಂತ ಒಂದು ಮಾತನ್ನೂ ಬಿಟ್ಟುಹೋದರು. ಪಂಚಾಕ್ಷರಯ್ಯ ಆ ಸಾಲುಗಳನ್ನು ಬಿಡಿಸಿದ. ರು, ದ್ರಾ, ಣಿ. ಒಂದೊಂದನ್ನೂ ಅದರದರ ಗೂಡಿಗೆ ಹಾಕಿದ. ಮಸಿ ಕಾಣದ, ಕಾಗದ ಮುಟ್ಟದ ಹೆಸರು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಮುಂದಿನ ವಾರ ಅದೇ ಮಂಡಿಯವರ ಕಾಗದ ಅದೇ ಪ್ರೆಸ್ಸಿಗೆ ಬಂತು. ದೊರೆಸಾನಿಯಲ್ಲೇ ಬೇಕು, ಪಂಚಾಕ್ಷರಯ್ಯನೇ ಜೋಡಿಸಬೇಕು, ಅವನ ಕೈಯೇ ಕೈ ಅಂದರು. ದೊಡ್ಡ ಗಿರಾಕಿ. ಮಲ್ಲಿಕಾರ್ಜುನಯ್ಯ ಇಲ್ಲ ಅನ್ನಲಿಲ್ಲ. ಪಂಚಾಕ್ಷರಯ್ಯ ಮಗಳ ಹೆಸರಿನಿಂದ ಬಿಡಿಸಿಟ್ಟ ಮೊಳೆಗಳನ್ನೇ ಎತ್ತಿ ಬೇರೆಯವರ ಮಗಳ ಹೆಸರು ಜೋಡಿಸಿದ. ಪ್ರೆಸ್ಸಿನ ಲಕೋಟೆ ಅಂಟಿಸುವ, ಕಾಗದದ ಮೂಲೆಗೆ ಅರಿಸಿನ ಹಚ್ಚುವ ಕೆಲಸ ಮನೆಯಲ್ಲಿ ಕೂತು ಮಾಡುತ್ತಿದ್ದವಳು ರುದ್ರಾಣಿ. ಆ ಕಟ್ಟೂ ಮನೆಗೆ ಬಂತು. ಅವಳು ಪ್ರತಿಯೊಂದು ಕಾಗದದ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದಳು. ಒಂದರಲ್ಲೂ ಚೆಲ್ಲಲಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ.

* * *

"ಅದನ್ನ ಈಗ್ಯಾಕೆ ಎತ್ತುತ್ತೀಯಮ್ಮ?" ಅಂದ ಮಲ್ಲಿಕಾರ್ಜುನಯ್ಯ. ದನಿ ಇಳಿದಿತ್ತು, ಹಟ ಇಳಿದಿರಲಿಲ್ಲ. "ನನ್ ಮೆಷಿನ್ ಮೇಲೆ ಅದು ಏರಲ್ಲ. ಅಷ್ಟೇ."

ಮಧ್ಯಾಹ್ನಕ್ಕೆ ಮಂಟಪದ ಹಾಗೆ ಕಟ್ಟಿದ ಶವದ ವಿಮಾನ ಹೆಗಲೇರಿ ಹೊರಟಿತು. ಬಾಳೆಕಂಬ, ಮಾವಿನೆಲೆ, ಸೇವಂತಿಗೆ. ನಡುವೆ ಪಂಚಾಕ್ಷರಯ್ಯ ಬದುಕಿದ್ದಾಗ ಎಂದೂ ಕೂರದಷ್ಟು ಎತ್ತರದಲ್ಲಿ ಕೂತು ಹೊರಟ. ಜಾಗಟೆ, ಶಂಖ. ದುಡಿದ ಜಾಗದ ಮುಂದೆ ಒಂದು ಗಳಿಗೆ ಇಳಿಸಿ ಕಾಯಿ ಒಡೆಯುವುದು ರೂಢಿ. ಪ್ರೆಸ್ಸಿನ ಮುಂದೆ ಇಳಿಸಿದರು. ಕಾಯಿ ಒಡೆಯಲು ಮಲ್ಲಿಕಾರ್ಜುನಯ್ಯನೇ ಮುಂದೆ ಬಂದ. ಊದುಬತ್ತಿಗೆ, ಬೆಂಕಿಪೊಟ್ಟಣಕ್ಕೆ ಅಂತ ಬಾಗಿಲು ತೆಗೆಸಿದ್ದ.

ರುದ್ರಾಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಬಾಗಿಲಲ್ಲಿ ಒಳಗೆ ನುಗ್ಗಿದಳು.

"ಏಯ್, ಎಲ್ಲಿಗೇ?" ತ್ರಿಪುರಸುಂದರಿ ಕೂಗಿದಳು.

ಒಳಗೆ ಕತ್ತಲು, ಮಸಿಯ ವಾಸನೆ, ಅಪ್ಪನ ವಾಸನೆ. ಅವನ ಮಣೆ, ಅದರ ಮೇಲೆ ಚೌಕಳಿ ಟವಲ್ಲು ಹಾಗೇ ಇತ್ತು. ಬೀಗದ ಕೈ ಎಲ್ಲಿರುತ್ತದೆಂದು ಅವಳಿಗೆ ಗೊತ್ತು. ಗೋಡೆಯ ಪಟದ ಹಿಂದಿನಿಂದ ತೆಗೆದು ದೊರೆಸಾನಿಯ ಕೇಸು ಎಳೆದಳು. ಅಪ್ಪ ಮೊಳೆಗಳ ಸಾಲು ಜೋಡಿಸುತ್ತಿದ್ದ ಕಬ್ಬಿಣದ ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದಳು. ಅವನ ಹೆಬ್ಬೆರಳು ಕೂರುತ್ತಿದ್ದ ಕಡೆ ಅವಳ ಹೆಬ್ಬೆರಳು ಕೂತಿತು. ಪಂ. ಚಾ.

ಬಾಗಿಲಿಗೆ ಅಡ್ಡವಾಗಿ ಮಲ್ಲಿಕಾರ್ಜುನಯ್ಯ ಬಂದು ನಿಂತ. ಒಡೆದ ತೆಂಗಿನ ಹೋಳು ಅವನ ಕೈಯಲ್ಲೇ ಇತ್ತು. ನೀರು ಕೋಟಿನ ತೋಳಿಗೆ ಇಳಿಯುತ್ತಿತ್ತು. ಅವನ ಹಿಂದೆ ಮರಿಯಣ್ಣ.

"ಇಡಮ್ಮ ಕೆಳಗೆ. ಆ 'ಕ್ಷ' ಉಳಿದಿರೋದು ಒಂದೇ. ಮಿಕ್ಕಿದ್ದೆಲ್ಲ ಮುರಿದು ಎರಕಕ್ಕೆ ಹೋಯ್ತು. ಮದರಾಸಿನೋನು ಅಂಗಡಿ ಮುಚ್ಚಿದಾನೆ, ಇನ್ನೊಂದು ತರೋಕಾಗಲ್ಲ. ಅದು ಹೋದ್ರೆ ನಾಳೆ ಯಾವ ಲಕ್ಷ್ಮೀಗೂ ನಾನು ಈ ಮೊಳೇಲಿ ಮದುವೆ ಕಾಗದ ಮಾಡಂಗಿಲ್ಲ."

"ಬೇರೆ ಲಕ್ಷ್ಮೀರ ಮಾತು ಬಿಡಿ ಯಜಮಾನ್ರೇ" ಎಂದ ಮರಿಯಣ್ಣ. "ರುದ್ರಮ್ಮ, ನೀ ಯೋಚ್ನೆ ಮಾಡು. ನಾಳೆ ನಿನ್ ಮದುವೆ ಕಾಗದಕ್ಕೆ... ಅಪ್ಪನ ಹೆಸ್ರು ಇದ್ರಲ್ಲಿ ಬರ್ಬೇಕು ಅಂದ್ರೆ ಬೇಕಾಗೋದೂ ಅದೇ 'ಕ್ಷ' ಕಣಮ್ಮ."

ಅವಳ ಬೆರಳು ಆ ಗೂಡಿನ ಮೇಲೆ ನಿಂತಿತು. ಗೂಡಿನ ತಳದಲ್ಲಿ ಒಂಟಿಯಾಗಿ ಮಲಗಿದ್ದ ಸೀಸದ ಚೂರು. ಹೊಸಿಲಲ್ಲಿ ಒಂದು ನೋಟ, ನುಣುಪು ಕಾಗದ, ನಾಲ್ಕು ಮೂಲೆಯ ಅರಿಸಿನ. ಹೊರಗೆ ಜಾಗಟೆ ನಿಂತಿತ್ತು, ಜನ ಕಾಯುತ್ತಿದ್ದರು.

ಅವಳು 'ಕ್ಷ' ಎತ್ತಿ ಸ್ಟಿಕ್ಕಿಗೆ ಹಾಕಿದಳು. ರ. ಯ್ಯ. ದಾರ ಸುತ್ತಿ ಸಾಲನ್ನು ಬಿಗಿದಳು.

"ನಾನು ಮೆಷಿನ್ ಹಚ್ಚಲ್ಲ" ಎಂದ ಮಲ್ಲಿಕಾರ್ಜುನಯ್ಯ.

"ಮೆಷಿನ್ ಬೇಡ."

"ಹೊರಗೆ ಹೋದ ಮೊಳೆ ಮತ್ತೆ ಈ ಬಾಗಿಲಲ್ಲಿ ಬರೋ ಹಾಗಿಲ್ಲ."

"ಬರಲ್ಲ."

ಮಲ್ಲಿಕಾರ್ಜುನಯ್ಯ ಅವಳ ಕೈಯನ್ನೇ ನೋಡಿದ. ಆ ಎಡ ಹೆಬ್ಬೆರಳು ಸಾಲನ್ನು ಒತ್ತಿ ಹಿಡಿದಿದ್ದ ರೀತಿಯನ್ನು ನೋಡಿದ. ತೆಂಗಿನ ಹೋಳನ್ನು ಮಣೆಯ ಮೇಲೆ, ಚೌಕಳಿ ಟವಲ್ಲಿನ ಪಕ್ಕ ಇಟ್ಟು, ಬಾಗಿಲಿನಿಂದ ಸರಿದು ನಿಂತ.

* * *

ರುದ್ರಭೂಮಿಯಲ್ಲಿ ಗುಣಿ ತಯಾರಾಗಿತ್ತು. ಹಿಂದಿನ ದಿನ ಮಳೆಯಾಗಿ ಕೆಮ್ಮಣ್ಣು ಹಸಿಯಾಗಿತ್ತು. ಸನಿಕೆಯಿಂದ ಸವರಿದ ಒಳಗೋಡೆ ನುಣ್ಣಗೆ ಮಿನುಗುತ್ತಿತ್ತು. ಪಂಚಾಕ್ಷರಯ್ಯನನ್ನು ಇಳಿಸಿ ಕೂರಿಸಿದರು. ಅಯ್ಯನವರು ವಿಭೂತಿ ಗಟ್ಟಿಗಳನ್ನಿಟ್ಟು, ಬಿಲ್ವಪತ್ರೆ ಉದುರಿಸಿ, ಮಂತ್ರ ಮುಗಿಸಿ, ಮಣ್ಣು ಹಾಕಿ ಅನ್ನುವಷ್ಟರಲ್ಲಿ ರುದ್ರಾಣಿ ಚಪ್ಪಲಿ ಬಿಟ್ಟು ಗುಣಿಯ ಅಂಚಿಗೆ ಬಂದಳು.

"ಹೆಣ್ಣಾಗಿ ಗುಣಿಗಿಳೀತಾಳಲ್ಲಪ್ಪ!" ತ್ರಿಪುರಸುಂದರಿ ಬಾಯಿಗೆ ಸೆರಗು ಹಿಡಿದಳು.

"ಇಳೀಲಿ ಬಿಡಿ" ಎಂದರು ಅಯ್ಯನವರು.

ಮರಿಯಣ್ಣ ಕೈ ಕೊಟ್ಟು ಇಳಿಸಿದ. ಅಪ್ಪನಿಗೂ ಗೋಡೆಗೂ ನಡುವೆ ಅವಳಿಗೆ ಮಂಡಿಯೂರುವಷ್ಟು ಜಾಗವಿತ್ತು. ಅಪ್ಪನ ಅರೆಗಣ್ಣು ನೋಡುತ್ತಿದ್ದ ನೇರಕ್ಕೆ, ಎದುರಿನ ಹಸಿಗೋಡೆಯಲ್ಲಿ ಒಂದು ಬೇರಿನ ಎಳೆಯಿತ್ತು. ಅದನ್ನು ಕಿತ್ತು ಅಂಗೈಯಿಂದ ಸವರಿ ಸಮ ಮಾಡಿದಳು. ಮಡಿಲಿನಿಂದ ಸಾಲನ್ನು ತೆಗೆದಳು.

ಭಾರ ಹಾಕಲಿಲ್ಲ. ಮುಟ್ಟಿಸಿದಳು, ಬಿಟ್ಟಳು.

ಮೇಲಿನಿಂದ ಬಗ್ಗಿ ನೋಡುತ್ತಿದ್ದವರಲ್ಲಿ ಮಲ್ಲಿಕಾರ್ಜುನಯ್ಯನೂ ಇದ್ದ. ಪೇಟ ತೆಗೆದು ಕಂಕುಳಲ್ಲಿ ಇರುಕಿಕೊಂಡಿದ್ದ. "ಕೂತಿದೆ" ಅಂದ, ತನಗೆ ತಾನೇ. "ಒಂದು ಕೂದ್ಲೂ ಮುರಿದಿಲ್ಲ."

ರುದ್ರಾಣಿ ದಾರ ಬಿಚ್ಚಿ ಮೊಳೆಗಳನ್ನು ಅಪ್ಪನ ಮಡಿಲಿನ ಬಿಲ್ವದ ಮೇಲೆ ಬಿಟ್ಟಳು. ಮರಿಯಣ್ಣನ ಕೈ ಹಿಡಿದು ಮೇಲೆ ಬಂದಳು.

ಮೊದಲು ಅವಳು, ಆಮೇಲೆ ಅತ್ತೆ, ಆಮೇಲೆ ಎಲ್ಲರೂ ಹಿಡಿಮಣ್ಣು ಹಾಕಿದರು. ನಂತರ ಮಂಕರಿಗಳು ಬಂದವು. ಮಣ್ಣು ಮೆಲ್ಲಗೆ ಏರಿತು. ಮಡಿಲು ಮುಚ್ಚಿತು, ಹಾರ ಮುಚ್ಚಿತು. ರುದ್ರಾಣಿ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಕೆಳಗಿನ ಒತ್ತಕ್ಷರದ ಬಾಲ ಮೊದಲು ಹೋಯಿತು. ತೊಲೆಯಂಥ ದಪ್ಪ ಹೊಟ್ಟೆಗಳು ಒಂದರ ಪಕ್ಕ ಒಂದು ಮುಳುಗಿದವು. ಕೊನೆಯ ಮಂಕರಿಗೆ ಮುಂಚೆ ಉಳಿದಿದ್ದದ್ದು ಸಾಲಿನ ತಲೆಕಟ್ಟುಗಳು ಮಾತ್ರ. ಕೆಂಪು ಮಣ್ಣಿನಲ್ಲಿ, ಬಾಚಣಿಗೆಯಿಂದ ಬಿದ್ದ ಕೂದಲೆಳೆಗಳ ಹಾಗೆ, ಒಂದರ ಪಕ್ಕ ಒಂದು, ಮುರಿಯದೆ.